ಸಣ್ಣ ಸಿಎನ್‌ಸಿ ರೂಟರಿನಲ್ಲಿ ಅಲ್ಯೂಮಿನಿಯಂ: ಮೂರನೇ ಬಿಟ್ ಕೂಡ ಮುರಿಯಿತು

ತೋಟದ_ಮೆಕ್ಯಾನಿಕ್, ಬದಿಯಡ್ಕ (ಮೇ 4, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಸ್ಪ್ರೇಯರ್, ಪಂಪು, ಹುಲ್ಲು ಕೊಚ್ಚುವ ಮೆಷಿನ್ ರಿಪೇರಿ ಮಾಡುತ್ತೇನೆ. ಕಳೆದ ವರ್ಷ ಒಂದು 3018 ಸಿಎನ್‌ಸಿ ತರಿಸಿದ್ದೆ, ಕಂಪ್ಯೂಟರ್ ಹೇಳಿದ ದಾರಿಯಲ್ಲಿ ತಿರುಗುವ ಬಿಟ್ ಓಡಿಸಿ ಕೊರೆಯುವ ಸಣ್ಣ ಮೆಷಿನ್. ಮರ, ಅಕ್ರಿಲಿಕ್ ಎಲ್ಲ ಚಂದ ಕೊರೆಯುತ್ತದೆ. ಮನೆ ಹೆಸರಿನ ಬೋರ್ಡು ಹತ್ತಿಪ್ಪತ್ತು ಮಾಡಿ ಕೊಟ್ಟಾಗಿದೆ.

ಈಗ ಅಲ್ಯೂಮಿನಿಯಂ ಮೇಲೆ ಕಣ್ಣು ಬಿದ್ದಿದೆ. ಸುಮ್ನೆ ಅಲ್ಲ, ಕಾರಣ ಉಂಟು. ನಮ್ಮಲ್ಲಿ ಈಗ ಸುಮಾರು ಜನ ಅಡಕೆಗೆ ಮದ್ದು ಬಿಡುವುದು ನೆಲದಲ್ಲೇ ನಿಂತು, ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ). ದೋಟಿಯ ತುದಿಯಲ್ಲಿ ಸ್ಪ್ರೇ ನಳಿಗೆಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕಾಲರ್ ಒಂದುಂಟಲ್ಲ, ಅದು ಬಿಸಿಲಿಗೆ ಒಣಗಿ ಎರಡೇ ವರ್ಷಕ್ಕೆ ಬಿರಿಯುತ್ತದೆ. ಬಿರಿದ ಕಾಲರ್ ಹಿಡಿದುಕೊಂಡು ಜನ ನನ್ನ ಅಂಗಡಿಗೆ ಬರುತ್ತಾರೆ. 6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟಿನಲ್ಲಿ ನಾನೇ ಮಾಡಿದರೆ ಹೇಗೆ ಎಂದು ಹೊರಟೆ. ಒಳಗೆ 32 ಮಿ.ಮೀ. ತೂತು, ಒಂದು ಬದಿ ಸೀಳು, ಬಿಗಿ ಮಾಡಲು ಬೋಲ್ಟು. ಅಷ್ಟೆ.

ಅಷ್ಟಕ್ಕೆ ಮೂರು ಬಿಟ್ ಮುರಿದಿದೆ.

ಬಿಟ್ 3.175 ಮಿ.ಮೀ., ಕಾರ್ಬೈಡ್, ಎರಡು ಫ್ಲೂಟ್ (ಅಂದರೆ ಕೊಯ್ಯುವ ಹಲ್ಲು ಎರಡು). ಮೋಟಾರು ಮೆಷಿನ್ ಜೊತೆ ಬಂದ 775, ಸುಮಾರು 10000 ಆರ್‌ಪಿಎಂ. ಆಳ ಒಂದು ಸಲಕ್ಕೆ 0.5 ಮಿ.ಮೀ. ಫೀಡ್ (ಬಿಟ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 60 ಮಿ.ಮೀ. ಮರಕ್ಕೆ ನಾನು 600 ಇಡುವುದು. ಲೋಹ ಅಲ್ವಾ ಎಂದು ಹೆದರಿ ಹತ್ತನೇ ಒಂದು ಪಾಲು ಮಾಡಿದೆ. ಶುರುವಿಗೆ ಬೂದಿಯ ಹಾಗೆ ಪುಡಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಕಿರುಚಲು ಶುರು, ಪಕ್ಕದ ಮನೆಯವರು ಬಂದು ಏನಾಯ್ತು ಎಂದು ಕೇಳುವಷ್ಟು. ಆಮೇಲೆ ನೋಡಿದರೆ ಬಿಟ್ಟಿನ ಮೈಗೆ ಅಲ್ಯೂಮಿನಿಯಂ ಅಂಟಿರುತ್ತದೆ, ಬೆಲ್ಲದ ಪಾಕ ಸೌಟಿಗೆ ಅಂಟಿದ ಹಾಗೆ. ಮತ್ತೆ ಟಕ್.

ಫೀಡ್ 30ಕ್ಕೆ ಇಳಿಸಿ ನೋಡಿದೆ. ಇನ್ನೂ ಬೇಗ ಮುರಿಯಿತು! ಇನ್ನೆಷ್ಟು ನಿಧಾನ ಮಾಡುವುದು?

ಹೊಸೂರು_ವಿಎಂಸಿ (ಮೇ 4, ರಾತ್ರಿ 10:15)

ನಿಧಾನ ಮಾಡಿದ್ದೇ ತಪ್ಪು ಸಾರ್.

ನಾನು ಹೊಸೂರಿನಲ್ಲಿ ಜಾಬ್ ಶಾಪ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ದಿನಾ ಅಲ್ಯೂಮಿನಿಯಂ. ಒಂದು ಲೆಕ್ಕ ಹಾಕಿ. ಬಿಟ್ ನಿಮಿಷಕ್ಕೆ 10000 ಸುತ್ತು ತಿರುಗುತ್ತದೆ, ಎರಡು ಹಲ್ಲು. ಅಂದರೆ ನಿಮಿಷಕ್ಕೆ 20000 ಸಲ ಹಲ್ಲು ಲೋಹವನ್ನು ಮುಟ್ಟುತ್ತದೆ. ಆ ಒಂದು ನಿಮಿಷದಲ್ಲಿ ನೀವು ಮುಂದೆ ಹೋಗುವುದು 60 ಮಿ.ಮೀ. ಭಾಗಿಸಿದರೆ ಒಂದು ಹಲ್ಲಿಗೆ ಸಿಗುವುದು 0.003 ಮಿ.ಮೀ. ತಲೆಕೂದಲಿನ ದಪ್ಪವನ್ನು ಇಪ್ಪತ್ತು ಪಾಲು ಮಾಡಿದರೆ ಒಂದು ಪಾಲು ಬಂತಲ್ಲ, ಅಷ್ಟು.

ಹಲ್ಲಿನ ಅಂಚು ಎಷ್ಟೇ ಚೂಪಿದ್ದರೂ ಅಷ್ಟು ತೆಳು ಪದರವನ್ನು ಕೊಯ್ಯಲು ಆಗುವುದಿಲ್ಲ. ಅದರ ಮೇಲೆ ಜಾರುತ್ತದೆ, ಉಜ್ಜುತ್ತದೆ. ಉಜ್ಜಿದರೆ ಬಿಸಿ. ಬಿಸಿ ಅಲ್ಯೂಮಿನಿಯಂ ಮೆತ್ತಗಾಗಿ ಹಲ್ಲಿಗೆ ಹತ್ತಿಕೊಳ್ಳುತ್ತದೆ. ಹತ್ತಿಕೊಂಡ ಮೇಲೆ ಬಿಟ್ ಬಿಟ್ ಅಲ್ಲ, ಬರೀ ಕಡ್ಡಿ. 30ಕ್ಕೆ ಇಳಿಸಿದಾಗ ಬೇಗ ಮುರಿದದ್ದು ಅದಕ್ಕೇ.

ಸರಿಯಾಗಿ ಕೊಯ್ದಾಗ ಬಿಸಿಯಲ್ಲಿ ದೊಡ್ಡ ಪಾಲನ್ನು ಚಿಪ್ಪೇ (ಕೊಯ್ದು ಬೀಳುವ ಲೋಹದ ಚೂರು) ಹೊತ್ತುಕೊಂಡು ಹೋಗುತ್ತದೆ. ನಿಮ್ಮಲ್ಲಿ ಚಿಪ್ಪೇ ಇಲ್ಲ, ಬೂದಿ.

ಹೀಗೆ ಮಾಡಿ. ಒಂದೇ ಫ್ಲೂಟಿನ ಬಿಟ್ ತೊಗೊಳ್ಳಿ. ಹಲ್ಲಿಗೆ 0.02 ಮಿ.ಮೀ. ಇಟ್ಟರೆ 10000ಕ್ಕೆ ಫೀಡ್ 200. ಆಳ 0.15ಕ್ಕಿಂತ ಜಾಸ್ತಿ ಬೇಡ. ನಿಮ್ಮ ಮೆಷಿನ್‌ಗೆ ಬಲ ಇಲ್ಲ, ನಿಜ. ಹಾಗಂತ ಫೀಡಿನಲ್ಲಿ ಕಂಜೂಸಿ ಮಾಡಬೇಡಿ. ಕಂಜೂಸಿಯೆಲ್ಲ ಆಳದಲ್ಲಿ ಮಾಡಿ.

ತೋಟದ_ಮೆಕ್ಯಾನಿಕ್ (ಮೇ 4, ರಾತ್ರಿ 10:31)

ಅಯ್ಯೋ. 0.003 ಎಂದು ಬರೆದು ನೋಡಿದಾಗ ನನಗೇ ನಾಚಿಕೆ ಆಯಿತು. ಆದರೆ ಎರಡು ಹಲ್ಲಿಗಿಂತ ಒಂದು ಹೇಗೆ ಮೇಲು?

ಹೊಸೂರು_ವಿಎಂಸಿ (ಮೇ 4, ರಾತ್ರಿ 10:44)

ಎರಡು ಕಾರಣ. ಒಂದು, ಹಲ್ಲು ಒಂದೇ ಆದರೆ ಪಕ್ಕದಲ್ಲಿ ಖಾಲಿ ಜಾಗ ದೊಡ್ಡದು. ಚಿಪ್ಪು ಹೊರಗೆ ಬರಲು ದಾರಿ ಇರುತ್ತದೆ. ಇನ್ನೊಂದು, ಸಣ್ಣ ಮೆಷಿನ್‌ಗಳ ಕೋಲೆಟ್ಟಿನಲ್ಲಿ (ಬಿಟ್ ಕಚ್ಚಿ ಹಿಡಿಯುವ ಭಾಗ) ಬಿಟ್ ಸ್ವಲ್ಪ ಓಲಾಡುತ್ತದೆ. 0.05 ಓಲಾಟ ಇದ್ದು ಹಲ್ಲಿಗೆ 0.02 ಫೀಡ್ ಇಟ್ಟರೆ ಎರಡರಲ್ಲಿ ಒಂದೇ ಹಲ್ಲು ಕೆಲಸ ಮಾಡುವುದು. ಇನ್ನೊಂದು ಸುಮ್ನೆ ಸುತ್ತುತ್ತದೆ. ಆ ಕೆಲಸಕ್ಕೆ ಬಾರದ ಹಲ್ಲಿಗೆ ಯಾಕೆ ಜಾಗ ಕೊಡಬೇಕು?

ಬಿಟ್ ಕೊಳ್ಳುವಾಗ ಇನ್ನೊಂದು ನೋಡಿ. ಕಪ್ಪು-ನೇರಳೆ ಬಣ್ಣದ ಕೋಟಿಂಗ್ ಇರುವುದು ಚಂದ ಕಾಣುತ್ತದೆ, ಅಂಗಡಿಯವರು ಅದೇ ಒಳ್ಳೆಯದು ಎನ್ನುತ್ತಾರೆ. ಅದು ಸಾಮಾನ್ಯವಾಗಿ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್. ಉಕ್ಕಿಗೆ ಸರಿ. ಅಲ್ಯೂಮಿನಿಯಂಗೆ ಬೇಡ, ಕೋಟಿಂಗಿನಲ್ಲೇ ಅಲ್ಯೂಮಿನಿಯಂ ಇದೆ, ನೆಂಟಸ್ತಿಕೆ ಬೆಳೆಸಿ ಅಂಟಿಕೊಳ್ಳುತ್ತದೆ. ಕೋಟಿಂಗೇ ಇಲ್ಲದ, ಕನ್ನಡಿಯ ಹಾಗೆ ಪಾಲಿಶ್ ಇರುವ ಬಿಟ್ ತೊಗೊಳ್ಳಿ.

ಮಗ್ಗದಮನೆ, ಇಚಲಕರಂಜಿ (ಮೇ 5, ಬೆಳಿಗ್ಗೆ 7:05)

ಹೊಸೂರಿನವರು ಹೇಳಿದ್ದು ಖರೆ ಅದ. ಆದ್ರ ಅವರ ಮಷೀನು ಟನ್‌ಗಟ್ಟಲೆ ತೂಕದ್ದು, ನಿಮ್ಮದು ಒಂದು ಕೈಯಾಗ ಎತ್ತುವಂಥಾದ್ದು. ಅದನ್ನ ಮರೀಬ್ಯಾಡ್ರಿ.

ನಾನು ಇಲ್ಲಿ ಪವರ್‌ಲೂಮಿನ ಬಿಡಿಭಾಗ ಮಾಡ್ತೀನಿ. ನಂದೂ ಮೊದಲು 3018 ಇತ್ತು. ಮೊದಲು ಒಂದು ಪರೀಕ್ಷೆ ಮಾಡ್ರಿ. ಮಷೀನ್ ಚಾಲೂ ಮಾಡಿ, ಮೋಟಾರುಗಳು ಬಿಗಿ ಹಿಡಿದಾಗ, ಬಿಟ್ ಇರೋ ಜಾಗಾ ಬೆರಳಿಲೆ ಒತ್ತಿ ನೋಡ್ರಿ. ಡಯಲ್ ಗೇಜ್ (ಸಣ್ಣ ಅಲುಗಾಟ ಮುಳ್ಳಿನ್ಯಾಗ ತೋರಿಸೋ ಅಳತಿ ಸಾಧನ) ಇದ್ದರ ಮುಂದ ಇಡ್ರಿ. ನನ್ನದರಾಗ ಸಣ್ಣಗ ಒತ್ತಿದರ ಸಾಕು, ಮುಳ್ಳು 0.2 ದಾಟತಿತ್ತು. ಕೊಯ್ಯೋದು 0.02, ಬಗ್ಗೋದು 0.2. ಹೆಂಗ ಆದೀತು?

ಖರ್ಚಿಲ್ಲದ ಉಪಾಯ ಎರಡು. ಬಿಟ್ ಕೋಲೆಟ್ಟಿನೊಳಗ ಎಷ್ಟು ಆಗ್ತದೋ ಅಷ್ಟು ಒಳಗ ತಳ್ರಿ. ಹೊರಗ ಉಳಿದ ಉದ್ದ ಅರ್ಧ ಆದರ ಬಗ್ಗೋದು ಎಂಟನೇ ಒಂದು ಪಾಲಾಗ್ತದ. ಎರಡನೇದು, ಜಾಬಿನ (ಕೊಯ್ಯೋ ತುಂಡಿನ) ಕೆಳಗ ದಪ್ಪ ಹಲಗಿ ಹಾಕಿ ಜಾಬನ್ನ ಮ್ಯಾಲ ಎತ್ರಿ. ಝಡ್ (ಬಿಟ್ಟನ್ನ ಮ್ಯಾಲ ಕೆಳಗ ಮಾಡೋ ಭಾಗ) ಕೆಳಗ ಜೋತು ಬಿದ್ದಷ್ಟೂ ಅಲುಗಾಟ ಜಾಸ್ತಿ.

ಉಪ್ಪಳ_ಬೋರ್ಡು (ಮೇ 5, ಬೆಳಿಗ್ಗೆ 9:20)

ಊರಿನವರೇ, ನಮಸ್ಕಾರ! ನಾನು ಉಪ್ಪಳದಲ್ಲಿ ನಾಮಫಲಕ ಮಾಡುವವ. ಒಂದು ಮಾತು: ಒಣದಾಗಿ ಕೊಯ್ಯಬೇಡಿ. ಏನಾದರೂ ಎಣ್ಣೆ ಬೇಕು. ಮನೆಯಲ್ಲಿ ತೆಂಗಿನೆಣ್ಣೆ ಉಂಟಲ್ಲ? ಅದೇ ಸಾಕು. ಹಳೆ ಟೂತ್‌ಬ್ರಷ್‌ನಲ್ಲಿ ದಾರಿಯ ಮೇಲೆ ತೆಳ್ಳಗೆ ಸವರಿ. ತೋಯಿಸಬೇಡಿ. ನಾನು ಆರು ತಿಂಗಳಿಂದ ಅದನ್ನೇ ಹಾಕುವುದು. ಕೆಲಸ ಮಾಡುವಾಗ ಅಂಗಡಿ ತುಂಬ ಹಪ್ಪಳ ಕಾಯಿಸಿದ ಪರಿಮಳ.

ಹೊಸೂರು_ವಿಎಂಸಿ (ಮೇ 5, ಬೆಳಿಗ್ಗೆ 9:52)

ತೆಂಗಿನೆಣ್ಣೆ? ನಾವು ನೀರಿಗೆ ಬೆರೆಸುವ ಕೂಲೆಂಟ್ ಹಾಕುವುದು, ಹಾಲಿನ ಹಾಗೆ ಬೆಳ್ಳಗಿರುತ್ತದೆ. ಆದರೆ ಅದನ್ನು ನಿಮಗೆ ಹೇಳಲಾರೆ. 3018ರ ಕೆಳಗೆ ಎಂಡಿಎಫ್ ಹಲಗೆ ಇಟ್ಟಿದ್ದರೆ ನೀರು ಕುಡಿದು ಇಡ್ಲಿಯ ಹಾಗೆ ಉಬ್ಬುತ್ತದೆ. ಹಾಗಾಗಿ ಎಣ್ಣೆಯೇ ಸರಿ. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ನಿಮ್ಮ ಕರಾವಳಿಯ ಸೆಕೆಗೆ ಆ ತೊಂದರೆ ಇಲ್ಲ.

ಆದೋನಿ_ಲೇತ್ (ಮೇ 5, ಮಧ್ಯಾಹ್ನ 1:10)

ನಾನು ಸೀಮೆಎಣ್ಣೆ ಹಾಕುತ್ತಿದ್ದೆ, ಅಲ್ಯೂಮಿನಿಯಂಗೆ ಅದು ಹಳೆ ಕಾಲದ ಮದ್ದು. ಆದರೆ ಮೆಕ್ಯಾನಿಕ್ ಅವರೇ, ನಿಮ್ಮ 775 ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇದೆ. ಒಳಗೆ ಕಿಡಿ ಹಾರುತ್ತಲೇ ಇರುತ್ತದೆ, ಅದೂ ಜಾಬಿನ ಸರಿಯಾಗಿ ಮೇಲೆ. ಸ್ಪಿರಿಟ್, ಪೆಟ್ರೋಲು, ಥಿನ್ನರ್ ಹತ್ತಿರಕ್ಕೂ ತರಬೇಡಿ. ಸೀಮೆಎಣ್ಣೆಯೂ ಬೇಡ. ತೆಂಗಿನೆಣ್ಣೆಗೆ ನನ್ನದೂ ಒಂದು ಓಟು.

ಇನ್ನೊಂದು ಕೇಳಬೇಕಿತ್ತು. ಪ್ಲೇಟ್ ಎಲ್ಲಿಯದು?

ತೋಟದ_ಮೆಕ್ಯಾನಿಕ್ (ಮೇ 5, ಸಂಜೆ 6:30)

ಗುಜರಿಯದು. ಎಂತ ಅಲಾಯ್ (ಮಿಶ್ರಲೋಹ) ಎಂದು ಗೊತ್ತಿಲ್ಲ.

ಆದೋನಿ_ಲೇತ್ (ಮೇ 5, ಸಂಜೆ 7:02)

ನನಗೆ ಅದೇ ಅನುಮಾನ ಇತ್ತು. ಅಲ್ಯೂಮಿನಿಯಂ ಎಲ್ಲ ಒಂದೇ ಅಲ್ಲ. ಶುದ್ಧ ಅಲ್ಯೂಮಿನಿಯಂ ಇದ್ದಷ್ಟೂ ಮೆತ್ತಗೆ, ಮೆತ್ತಗಿದ್ದಷ್ಟೂ ಅಂಟು. ಪಾತ್ರೆ ಮಾಡುವ ಶೀಟು, ಚಾವಣಿ ಶೀಟು ಇವೆಲ್ಲ ಆ ಜಾತಿ. ಬಬಲ್‌ಗಮ್ ಕೊಯ್ದ ಹಾಗೆ. ಕೊಯ್ಯಲು ಒಳ್ಳೆಯದು 6061-ಟಿ6 ಅಥವಾ 6082 ನಂಬರಿನ ಅಲಾಯ್. ನಮ್ಮ ಅಂಗಡಿಗಳಲ್ಲಿ ಹಳಬರು ಎಚ್‌ಇ30 ಎನ್ನುವುದೂ ಹೆಚ್ಚುಕಡಿಮೆ 6082ರ ಜಾತಿಯೇ. ಕಿಟಕಿ ಸೆಕ್ಷನ್ ಎಚ್‌ಇ9, ಅಂದರೆ 6063. ಅದು ನಡುವಿನದ್ದು, ಸುಧಾರಿಸಬಹುದು.

ಗೊತ್ತು ಮಾಡಲು ಒಂದು ತೂತು ಕೊರೆದು ನೋಡಿ. ಉದ್ದುದ್ದ ದಾರ ಬಂದು ಡ್ರಿಲ್ಲಿಗೆ ಸುತ್ತಿಕೊಂಡರೆ ಮೆತ್ತನೆಯದು. ಚೂರು ಚೂರಾಗಿ ಬಿದ್ದರೆ ಕೊಯ್ಯಲು ಆಗುವಂಥದ್ದು.

ತೋಟದ_ಮೆಕ್ಯಾನಿಕ್ (ಮೇ 5, ರಾತ್ರಿ 8:15)

ದಾರ ಬಂತು. ಒಂದು ಮೊಳ ಉದ್ದ.

ಹೊಸೂರು_ವಿಎಂಸಿ (ಮೇ 5, ರಾತ್ರಿ 8:20)

ಹಾಗಾದರೆ ಅದನ್ನು ಗುಜರಿಗೇ ವಾಪಸ್ ಕೊಡಿ. ಒಳ್ಳೆಯ ಪ್ಲೇಟು ತೂಕದಲ್ಲಿ ಸಿಗುತ್ತದೆ. 100 ಮಿ.ಮೀ. ಉದ್ದ, 100 ಅಗಲ, 6 ದಪ್ಪದ ತುಂಡು 162 ಗ್ರಾಂ ಅಷ್ಟೆ. ಮುರಿದ ಮೂರು ಬಿಟ್ಟಿನ ದುಡ್ಡಿಗಿಂತ ಅದೇ ಅಗ್ಗ.

ತೋಟದ_ಮೆಕ್ಯಾನಿಕ್ (ಮೇ 13, ರಾತ್ರಿ 10:05)

ಎಂಟು ದಿನ ಆಯಿತು, ಬೈಯಬೇಡಿ. ಮಂಗಳೂರಿಗೆ ಹೋಗಿ 6061 ತುಂಡು ತಂದೆ. ಸಿಂಗಲ್ ಫ್ಲೂಟ್ ಬಿಟ್ ಅಂಚೆಯಲ್ಲಿ ಬಂತು. ಬಿಟ್ ಹೊರಗೆ ಉಳಿದದ್ದು 12 ಮಿ.ಮೀ. ಮಾತ್ರ. ಜಾಬಿನ ಕೆಳಗೆ ಹಲಸಿನ ಹಲಗೆ. ಫೀಡ್ 200, ಆಳ 0.15, ತೆಂಗಿನೆಣ್ಣೆ.

200 ಎಂದು ಬರೆದು ಸ್ಟಾರ್ಟ್ ಒತ್ತುವಾಗ ಕೈ ನಡುಗಿದ್ದು ನಿಜ. ಕಣ್ಣು ಮುಚ್ಚಿಕೊಂಡೆ. ಕಿರುಚಾಟ ಇಲ್ಲ! ಒಂದೇ ಸಮ ಗುರ್ರ್ ಎನ್ನುವ ಸದ್ದು. ಬೆರಳಿಗೆ ಎತ್ತಿಕೊಂಡು ನೋಡಿದರೆ ಸಣ್ಣ ಸಣ್ಣ ಹೊಳೆಯುವ ಚಿಪ್ಪು, ಮೀನಿನ ಮರಿಯ ಪೊರೆಯ ಹಾಗೆ. ಬೂದಿ ಇಲ್ಲ. ಬಿಟ್ಟನ್ನು ಮುಟ್ಟಿದೆ (ನಿಂತ ಮೇಲೆ), ಬೆಚ್ಚಗೂ ಇರಲಿಲ್ಲ.

ಆದರೆ 3 ಮಿ.ಮೀ. ಆಳಕ್ಕೆ ಹೋದ ಮೇಲೆ ಸದ್ದು ಬದಲಾಯಿತು. ನಿಲ್ಲಿಸಿದೆ. ಬಿಟ್ ಉಳಿಯಿತು. ಈಗ ಎಂತ?

ಹೊಸೂರು_ವಿಎಂಸಿ (ಮೇ 13, ರಾತ್ರಿ 10:30)

ನಿಲ್ಲಿಸಿದ್ದು ಬುದ್ಧಿವಂತಿಕೆ. ಕಿವಿ ಬಂತು ನಿಮಗೆ.

3 ಮಿ.ಮೀ. ಅಗಲದ ಬಿಟ್ 3 ಮಿ.ಮೀ. ಅಗಲದ ಕಾಲುವೆಯೊಳಗೆ ಇಳಿದಿದೆ. ಎಣ್ಣೆಯ ಜೊತೆ ಸೇರಿ ಚಿಪ್ಪು ಕೆಳಗೆ ಕೆಸರಾಗಿ ಕೂತಿದೆ. ಕೊಯ್ದ ಚಿಪ್ಪನ್ನೇ ಮತ್ತೆ ಮತ್ತೆ ಅರೆಯುತ್ತಿದ್ದೀರಿ. ಕಾಲುವೆಯನ್ನು ಅಗಲ ಮಾಡಿ. ಒಂದು ಸುತ್ತು ಹೋದ ಮೇಲೆ 0.8 ಪಕ್ಕಕ್ಕೆ ಸರಿದು ಇನ್ನೊಂದು ಸುತ್ತು, ಆಗ 4 ಮಿ.ಮೀ. ಅಗಲ. ಸಮಯ ಎರಡು ಪಾಲು ಬೇಕು, ಇರಲಿ. ಜೊತೆಗೆ ಗಾಳಿ ಊದಿ.

ಕೆಳಗೆ ಇಳಿಯುವಾಗ ನೇರವಾಗಿ ಚುಚ್ಚುತ್ತಿದ್ದೀರಾ? ಅದೂ ಬೇಡ. ಇಳಿಜಾರಿನಲ್ಲಿ ಸುತ್ತುತ್ತಾ ಇಳಿಯುವ ಹಾಗೆ ಬಿಟ್ಟಿನ ದಾರಿ ಬರೆಯುವ ಸಾಫ್ಟ್‌ವೇರ್, ಅಂದರೆ ಕ್ಯಾಮ್‌ನಲ್ಲಿ ರ‍್ಯಾಂಪ್ ಆಯ್ಕೆ ಇರುತ್ತದೆ. ಫ್ರೀಕ್ಯಾಡ್‌ನಲ್ಲೂ ಇದೆ.

ಉಪ್ಪಳ_ಬೋರ್ಡು (ಮೇ 13, ರಾತ್ರಿ 10:41)

ಗಾಳಿಗೆ ನಾನು ಹಳೆ ಫ್ರಿಜ್ಜಿನ ಕಂಪ್ರೆಸರ್ ಇಟ್ಟಿದ್ದೇನೆ. ಸದ್ದಿಲ್ಲ. ಅದರ ಗಾಳಿಯಲ್ಲೇ ಸ್ವಲ್ಪ ಎಣ್ಣೆ ಬರುತ್ತದೆ, ಬೇರೆಯವರಿಗೆ ಅದು ದೋಷ, ನಮಗೆ ಲಾಭ. ಆದರೆ ಊದಿದ ಚಿಪ್ಪು ಮನೆ ತುಂಬ ಹಾರುತ್ತದೆ. ಸುತ್ತ ರಟ್ಟಿನ ಗೋಡೆ ಕಟ್ಟಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ನಾನು ಬರಿಗಾಲಲ್ಲಿ ನಡೆದು ಒಂದು ಚೂರು ಹಿಮ್ಮಡಿಗೆ ಹೊಕ್ಕಿತು. ಅಯಸ್ಕಾಂತಕ್ಕೆ ಬರುವ ಜಾತಿ ಅಲ್ಲವಲ್ಲ, ಅಮ್ಮ ಸೂಜಿ ಹಿಡಿದು ಅರ್ಧ ಗಂಟೆ ಕೂರಬೇಕಾಯಿತು. ಈಗ ಆ ಕೋಣೆಗೆ ಚಪ್ಪಲಿ ಇಲ್ಲದೆ ಪ್ರವೇಶವಿಲ್ಲ.

ತೋಟದ_ಮೆಕ್ಯಾನಿಕ್ (ಮೇ 16, ರಾತ್ರಿ 9:00)

ಮೊದಲ ಕಾಲರ್ ಮುಕ್ಕಾಲು ಆಗಿತ್ತು. ಸಂಜೆ ಗುಡುಗು ಸಿಡಿಲು ಶುರುವಾಯಿತು, ಕರೆಂಟು ಹೋಯಿತು. ಬಂದ ಮೇಲೆ ಮೆಷಿನ್‌ಗೆ ತಾನೆಲ್ಲಿದ್ದೇನೆ ಎನ್ನುವುದೇ ಮರೆತಿದೆ. ಅಂದಾಜಿನಲ್ಲಿ ಸೊನ್ನೆ (ಅಳತೆ ಶುರುವಾಗುವ ಜಾಗ) ಇಟ್ಟು ಮುಂದುವರಿಸಿದೆ. ಅರ್ಧ ಮಿ.ಮೀ. ಆಚೀಚೆ. ಜಾಬು ಹಾಳು, ಬಿಟ್ಟೂ ಹೋಯಿತು. ನಾಲ್ಕನೇದು. ಇವತ್ತು ಬರೆಯುವ ಮನಸ್ಸೂ ಇರಲಿಲ್ಲ.

ಆದೋನಿ_ಲೇತ್ (ಮೇ 16, ರಾತ್ರಿ 9:25)

ಬೇಜಾರು ಬೇಡ. ಇದಕ್ಕೆ ಲೇತಿನವರ ಹಳೆ ಉಪಾಯ ಇದೆ. ಜಾಬ್ ಶುರು ಮಾಡುವಾಗ ಮೊದಲ ಕೆಲಸವೇ ಎರಡು ತೂತು. ಬೇಡದ ಮೂಲೆಯಲ್ಲಿ ಒಂದು, ಅದರ ಎದುರು ಮೂಲೆಯಲ್ಲಿ ಇನ್ನೊಂದು, ಅದೇ ಪ್ರೋಗ್ರಾಮಿನಲ್ಲಿ. ಕರೆಂಟು ಹೋಗಿ ಬಂದರೆ ಕೋಲೆಟ್ಟಿಗೆ ಬಿಟ್ ಬದಲು ಅದೇ ಅಳತೆಯ ನುಣುಪು ಪಿನ್ ಹಾಕಿ. ಮೋಟಾರು ತಿರುಗಿಸದೆ ಮೆಲ್ಲಗೆ ಮೊದಲ ತೂತಿಗೆ ಇಳಿಸಿ. ಉಜ್ಜದೆ ಇಳಿದರೆ ಅಲ್ಲಿಗೆ ಸೊನ್ನೆ ಇಡಿ. ಎರಡನೇ ತೂತಿಗೆ ಹೋಗಿ ತಾಳೆ ನೋಡಿ. ಎರಡೂ ಹೊಂದಿದರೆ ನೀವು ಎಲ್ಲಿದ್ದಿರೋ ಅಲ್ಲೇ ಇದ್ದೀರಿ.

ಹೊಸೂರು_ವಿಎಂಸಿ (ಮೇ 16, ರಾತ್ರಿ 9:48)

ಅದು ಚೆನ್ನಾಗಿದೆ. ಜೊತೆಗೆ ಲಿಮಿಟ್ ಸ್ವಿಚ್ ಹಾಕಿಸಿ ಹೋಮಿಂಗ್ ಮಾಡಿ, ಅಂದರೆ ಮೆಷಿನ್ ಆ ಸ್ವಿಚ್ ಮುಟ್ಟಿ ತನ್ನ ಜಾಗ ತಿಳಿದುಕೊಳ್ಳುವುದು. ಸೊನ್ನೆಯನ್ನು ಜಿ92 ಎನ್ನುವ ಆಜ್ಞೆಯಲ್ಲಿ ಇಡಬೇಡಿ, ಮೆಷಿನ್ ನಡೆಸುವ ಜಿಆರ್‌ಬಿಎಲ್ ಪ್ರೋಗ್ರಾಂ ಅದನ್ನು ಕರೆಂಟು ಹೋದರೆ ಮರೆಯುತ್ತದೆ. ಜಿ54ರಲ್ಲಿ ಇಟ್ಟರೆ ಬೋರ್ಡಿನ ನೆನಪಿನಲ್ಲಿ ಉಳಿಯುತ್ತದೆ. ಕರೆಂಟು ಬಂದ ಮೇಲೆ ಒಂದು ಸಲ ಹೋಮ್ ಮಾಡಿದರೆ ಸೊನ್ನೆ ತಾನಾಗಿ ಸಿಗುತ್ತದೆ. ಬಿಟ್ ಬದಲಿಸಿದ್ದರೆ ಝಡ್ ಮಾತ್ರ ಮತ್ತೆ ಮುಟ್ಟಿಸಿ ನೋಡಬೇಕು.

ಹಾಗೇ, ಜಾಬನ್ನು ಹೇಗೆ ಹಿಡಿದಿದ್ದೀರಿ? ಕಡೆಯಲ್ಲಿ ರಿಂಗು ಬಿಡುಗಡೆ ಆಗುವಾಗ ಹಾರಿ ಬಿಟ್ಟಿಗೆ ಸಿಕ್ಕರೆ ಐದನೇದಕ್ಕೂ ಗತಿ ಅದೇ.

ಆದೋನಿ_ಲೇತ್ (ಮೇ 16, ರಾತ್ರಿ 10:02)

ನಾನು ಹಲಗೆಗೆ ಒಂದು ಪದರ, ಪ್ಲೇಟಿನ ಅಡಿಗೆ ಒಂದು ಪದರ ಮಾಸ್ಕಿಂಗ್ ಟೇಪ್ ಹಚ್ಚಿ, ಎರಡು ಟೇಪಿನ ಬೆನ್ನಿನ ನಡುವೆ ಫೆವಿಕ್ವಿಕ್ ಹಾಕಿ ಒತ್ತುತ್ತೇನೆ. ತೆಗೆಯಬೇಕಾದರೆ ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿದರೆ ಬಿಡುತ್ತದೆ. ಪ್ಲೇಟಿನ ಅಡಿಯನ್ನು ಮೊದಲು ಚೆನ್ನಾಗಿ ಒರೆಸಿ. ನಿಮ್ಮಲ್ಲಿ ಎಲ್ಲದರ ಮೇಲೂ ತೆಂಗಿನೆಣ್ಣೆ ಇರುತ್ತದೆ!

ತೋಟದ_ಮೆಕ್ಯಾನಿಕ್ (ಮೇ 20, ರಾತ್ರಿ 9:15)

ಆಯಿತು!! ಮೊದಲನೇ ಕಾಲರ್ ಕೈಯಲ್ಲಿದೆ. ಮಗಳು ಅದನ್ನು ಬಳೆ ಎಂದುಕೊಂಡು ಕೈಗೆ ಹಾಕಿಕೊಂಡು ಓಡುತ್ತಿದ್ದಾಳೆ.

ಒಂದೇ ಬೇಸರ. ತೂತು 32 ಎಂದು ಬರೆದಿದ್ದೆ. ವರ್ನಿಯರ್ ಹಿಡಿದರೆ ಎಕ್ಸ್ ಕಡೆ 31.72, ವೈ ಕಡೆ 31.58. ಸಣ್ಣದೂ ಹೌದು, ಮೊಟ್ಟೆಯೂ ಹೌದು. ದೋಟಿಗೆ ಹೋಗುವುದಿಲ್ಲ. ಜಿಆರ್‌ಬಿಎಲ್‌ನಲ್ಲಿ ಮಿ.ಮೀ.ಗೆ 800 ಸ್ಟೆಪ್ ಎಂದು ಇರುವುದನ್ನು ಸ್ವಲ್ಪ ಹೆಚ್ಚು ಮಾಡಿದರೆ ಸರಿಯಾದೀತಾ?

ಹೊಸೂರು_ವಿಎಂಸಿ (ಮೇ 20, ರಾತ್ರಿ 9:22)

ಬೇಡ ಬೇಡ ಬೇಡ. 800 ಎನ್ನುವುದು ಸ್ಕ್ರೂನ ಲೆಕ್ಕ. ಮೋಟಾರಿಗೆ ಸುತ್ತಿಗೆ 200 ಸ್ಟೆಪ್, ಅದನ್ನು 16 ಪಾಲು, ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಹೋಗುತ್ತದೆ. ಅದು ತಪ್ಪಿಲ್ಲ. ಅದನ್ನು ತಿದ್ದಿದರೆ ತೂತು ಸರಿಹೋಗಿ ಉಳಿದೆಲ್ಲ ಅಳತೆ ಕೆಡುತ್ತದೆ. ನಿಮ್ಮದು ಮೆಷಿನ್ ಬಗ್ಗಿದ್ದರಿಂದ ಮತ್ತು ನಟ್ಟಿನ ಸಡಿಲದಿಂದ ಬಂದ ವ್ಯತ್ಯಾಸ.

ಮೊದಲ ಸುತ್ತುಗಳಲ್ಲಿ ಗೋಡೆಗೆ 0.2 ಮಿ.ಮೀ. ಲೋಹ ಉಳಿಸಿ. ಕಡೆಗೆ ಆ ತೆಳು ಪದರವನ್ನು ಮಾತ್ರ ತೆಗೆಯುವ ಸುತ್ತು. ಅದು ಮುಗಿದ ಮೇಲೆ ಅದೇ ದಾರಿಯಲ್ಲಿ, ಅಳತೆ ಬದಲಿಸದೆ, ಮತ್ತೊಂದು ಸುತ್ತು. ಎರಡನೇ ಸಲ ಏನೂ ಕೊಯ್ಯುವುದಿಲ್ಲ ಎಂದು ಕಾಣುತ್ತದೆ, ಆದರೂ ಸಣ್ಣಗೆ ಪುಡಿ ಬೀಳುತ್ತದೆ. ಬಗ್ಗಿದ್ದ ಬಿಟ್ ನೆಟ್ಟಗಾಗುವುದು ಆಗ. ಎಲ್ಲವೂ ಕ್ಲೈಂಬ್ ಕಟ್ ಇರಲಿ, ಅಂದರೆ ಹಲ್ಲು ದಪ್ಪ ಕಡೆಯಿಂದ ಶುರುವಾಗಿ ತೆಳ್ಳಗೆ ಮುಗಿಸುವ ದಿಕ್ಕು.

ಮಗ್ಗದಮನೆ (ಮೇ 21, ಬೆಳಿಗ್ಗೆ 6:50)

ಕ್ಲೈಂಬ್ ಮಾತಿಗೆ ನಾನು ಒಪ್ಪಂಗಿಲ್ಲ. ನಿಮ್ಮ ಬಾಲ್ ಸ್ಕ್ರೂಗೆ ಸಡಿಲ ಇಲ್ಲ, ಅದಕ್ಕ ನಡೀತದ. ಇವರದು ಟಿ8 ಸ್ಕ್ರೂ, ಹಿತ್ತಾಳಿ ನಟ್ಟು. ಕ್ಲೈಂಬ್‌ನ್ಯಾಗ ಬಿಟ್ ಜಾಬನ್ನ ತನ್ನ ಕಡೆ ಎಳಕೊಳ್ತದ. ನಟ್ಟಿನ ಸಡಿಲ ಎಷ್ಟೈತೋ ಅಷ್ಟು ಜಿಗೀತದ, ಒಂದು ಕ್ಷಣದಾಗ ಹಲ್ಲಿಗೆ ಎರಡು ಪಾಲು ಲೋಹ. ಟಕ್. ನಮ್ಮಪ್ಪನ ಹಳೇ ಮಿಲ್ಲಿಂಗ್ ಮಷೀನಿನಾಗ ಕ್ಲೈಂಬ್ ಮಾಡಿದರ ಬೈಗುಳ ತಿನ್ನಬೇಕಿತ್ತು.

ಹೊಸೂರು_ವಿಎಂಸಿ (ಮೇ 21, ಬೆಳಿಗ್ಗೆ 8:30)

ಉಲ್ಟಾ ಮಾಡಿದರೆ ಹಲ್ಲು ಸೊನ್ನೆ ದಪ್ಪದಿಂದ ಶುರುವಾಗುತ್ತದೆ, ಅಂದರೆ ಮೊದಲು ಉಜ್ಜಿ ಆಮೇಲೆ ಕೊಯ್ಯುತ್ತದೆ. ಮತ್ತೆ ಅದೇ ಅಂಟು.

ಮಗ್ಗದಮನೆ (ಮೇ 21, ಬೆಳಿಗ್ಗೆ 8:41)

ಅಂಟಿದ್ರ ಎಣ್ಣಿ ಐತಿ. ಜಿಗಿದ್ರ ಏನೈತಿ?

ತೋಟದ_ಮೆಕ್ಯಾನಿಕ್ (ಮೇ 21, ರಾತ್ರಿ 9:30)

ಇಬ್ಬರ ಮಾತನ್ನೂ ಕೇಳಿ ಇವತ್ತು ಎರಡೂ ಮಾಡಿ ನೋಡಿದೆ. ನನ್ನ ಮೆಷಿನ್‌ನಲ್ಲಿ ಕೊರೆಯುವ ಸುತ್ತು ಕ್ಲೈಂಬ್ ಮಾಡಿದರೆ ಗೋಡೆಯಲ್ಲಿ ಅಲ್ಲಲ್ಲಿ ಕಚ್ಚಿದ ಗುರುತು. ವೃತ್ತದಲ್ಲಿ ನಾಲ್ಕೇ ಕಡೆ, ಸರಿಯಾಗಿ ಎಕ್ಸ್, ವೈ ದಿಕ್ಕು ಬದಲಿಸುವ ಜಾಗದಲ್ಲಿ. ಸಡಿಲವೇ ಅದು. ಉಲ್ಟಾ ಮಾಡಿದರೆ ಗುರುತಿಲ್ಲ, ಆದರೆ ಗೋಡೆ ಸ್ವಲ್ಪ ಮಸುಕು. ಕೊರೆಯುವುದು ಉಲ್ಟಾ, ಕಡೆಯ 0.2 ಮಾತ್ರ ಕ್ಲೈಂಬ್: ಹೀಗೆ ಮಾಡಿದಾಗ ಎರಡೂ ಕಡೆ 31.96, 31.94 ಬಂತು. ಇಬ್ಬರೂ ಗೆದ್ದಿರಿ.

ಪೆರ್ಲದ_ಕೃಷಿಕ (ಮೇ 22, ಬೆಳಿಗ್ಗೆ 5:50)

ಇಷ್ಟು ದಿನ ಸುಮ್ನೆ ಓದುತ್ತಾ ಇದ್ದೆ. ನನಗೆ ಸಿಎನ್‌ಸಿ ಗೊತ್ತಿಲ್ಲ, ಅಡಕೆ ಗೊತ್ತು. ಒಂದು ಮಾತು ಕೇಳಲೇ? ಕೊಳೆರೋಗಕ್ಕೆ ನಾವು ಬಿಡುವ ಮದ್ದು ಯಾವುದು? ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಲುತುತ್ತವನ್ನು ಲೋಹದ ಪಾತ್ರೆಯಲ್ಲಿ ಕರಗಿಸಬಾರದು ಎಂದು ಹಿರಿಯರು ಹೇಳುವುದು ಯಾಕೆ? ಸುಣ್ಣ ಸಾಕಾಯಿತೇ ಎಂದು ಚೂರಿ ಅದ್ದಿ ನೋಡುತ್ತೇವೆ, ಸಾಕಾಗದಿದ್ದರೆ ಚೂರಿಗೆ ತಾಮ್ರದ ಕೆಂಪು ಹತ್ತುತ್ತದೆ. ಹಾಗಿರುವಾಗ ನಿಮ್ಮ ಅಲ್ಯೂಮಿನಿಯಂ ಎಷ್ಟು ದಿನ ಉಳಿದೀತು?

ನನ್ನ ಹಳೆ ಅಲ್ಯೂಮಿನಿಯಂ ಕೊಳವೆಯ ಜೋಡಣೆಯಲ್ಲಿ ಒಂದೇ ಮಳೆಗಾಲಕ್ಕೆ ಬಿಳಿ ಬೂಷ್ಟು ಕೂತು, ಬಿಚ್ಚಲು ಗರಗಸ ಬೇಕಾಯಿತು.

ಹೊಸೂರು_ವಿಎಂಸಿ (ಮೇ 22, ಬೆಳಿಗ್ಗೆ 8:10)

ಇದನ್ನು ನಾವು ಯಾರೂ ಕೇಳಲೇ ಇಲ್ಲ! ಸುಣ್ಣ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ತಾಮ್ರವೂ ಸೇರಿದರೆ ಇನ್ನೂ ಕೆಟ್ಟದು. ಆನೋಡೈಸ್ (ಮೇಲೆ ಗಟ್ಟಿ ಆಕ್ಸೈಡ್ ಪದರ ಬರಿಸುವುದು) ಮಾಡಿಸಿದರೂ ಸುಣ್ಣದ ಕ್ಷಾರಕ್ಕೆ ಆ ಪದರ ನಿಲ್ಲುವುದಿಲ್ಲ.

ಇನ್ನೊಂದಿದೆ. ದೋಟಿ ಕಾರ್ಬನ್ ಫೈಬರ್ ಅಲ್ವಾ? ಕಾರ್ಬನ್ನಿಗೂ ಅಲ್ಯೂಮಿನಿಯಂಗೂ ನೇರ ತಾಗಿ ನಡುವೆ ಒದ್ದೆ ಇದ್ದರೆ ಅದು ಸಣ್ಣ ಬ್ಯಾಟರಿಯಾಗುತ್ತದೆ. ಸವೆಯುವುದು ಅಲ್ಯೂಮಿನಿಯಂ. ನಡುವೆ ಪ್ಲಾಸ್ಟಿಕ್ ಪದರ ಬೇಕೇ ಬೇಕು.

ಪೆರ್ಲದ_ಕೃಷಿಕ (ಮೇ 22, ಬೆಳಿಗ್ಗೆ 8:35)

ಕಾರ್ಬನ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ ಎನ್ನುವುದನ್ನೂ ಗಿರಾಕಿಗಳಿಗೆ ಹೇಳಿ ಕೊಡಿ. ಅಲ್ಯೂಮಿನಿಯಂ ದೋಟಿಗೆ ಮಾತ್ರ ಅಪಾಯ ಎಂದು ತುಂಬ ಜನ ತಿಳಿದಿದ್ದಾರೆ. ಲೈನಿನ ಹತ್ತಿರ ಎರಡೂ ಒಂದೇ.

ತೋಟದ_ಮೆಕ್ಯಾನಿಕ್ (ಮೇ 22, ರಾತ್ರಿ 9:50)

ಬೆಳಿಗ್ಗೆ ಇದನ್ನು ಓದಿ ಚಹಾ ತಣ್ಣಗಾಯಿತು. ಇಡೀ ದಿನ ಅದೇ ಯೋಚನೆ. ಕಡೆಗೆ ಹೀಗೆ ಮಾಡಿದೆ. ತೂತನ್ನು 34 ಮಾಡಿದೆ. ಒಳಗೆ ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಕೆರೆದು ತೆಳ್ಳಗೆ ಮಾಡಿ ಒಳಪದರದ ಹಾಗೆ ಕೂರಿಸಿದೆ. ನಳಿಗೆ ಹಿಡಿಯುವ ಬದಿಯಲ್ಲಿ ಅಲ್ಯೂಮಿನಿಯಂ ತೆಗೆದೇ ಬಿಟ್ಟೆ. ಅಡುಗೆಮನೆಯ ಹಳೆ ಬಿಳಿ ಕಟಿಂಗ್ ಬೋರ್ಡ್ ಕೊಯ್ದು ಆ ಭಾಗ ಮಾಡಿದೆ. (ಬೆಣ್ಣೆ ಕೊಯ್ದ ಹಾಗೆ. ಇದನ್ನೇ ಮೊದಲು ಮಾಡಬಾರದಿತ್ತಾ ಎಂದು ಹೆಂಡತಿ ಕೇಳಿದಳು. ಬೋರ್ಡು ಅಷ್ಟೇನೂ ಹಳೆಯದಲ್ಲ ಎಂದೂ ಹೇಳಿದಳು.) ಬಲ ಬೇಕಾದ್ದು ದೋಟಿಯನ್ನು ಬಿಗಿ ಹಿಡಿಯುವಲ್ಲಿ, ಅಲ್ಲಿ ಮಾತ್ರ ಅಲ್ಯೂಮಿನಿಯಂ.

ಈಗ ಆಳ 0.2, ಫೀಡ್ 240. ಒಂದು ಕಾಲರಿಗೆ ಒಂದು ಗಂಟೆ ಹತ್ತು ನಿಮಿಷ. ನಾಲ್ಕು ಮಾಡಿದ್ದೇನೆ, ಬಿಟ್ ಒಂದೇ.

ತೋಟದ_ಮೆಕ್ಯಾನಿಕ್ (ಜೂನ್ 9, ಸಂಜೆ 7:20)

ಮಳೆ ಹಿಡಿಯುವ ಮೊದಲು ಮೊದಲ ಮದ್ದು ಮುಗಿಯಿತು. ನಾಲ್ಕು ಕಾಲರಿನಲ್ಲಿ ಒಂದು ನಮ್ಮ ತೋಟದ್ದೇ. ಇವತ್ತು ಬಿಚ್ಚಿ ನೋಡಿದೆ. ಪಿವಿಸಿ ಇದ್ದ ಒಳಬದಿ ಹೊಸದರ ಹಾಗೇ ಇದೆ. ಹೊರಗೆ ಬೋಲ್ಟಿನ ತಲೆಯ ಸುತ್ತ, ಮದ್ದು ಇಳಿದು ನಿಂತ ಕಡೆ, ಉಗುರಿನಷ್ಟು ಜಾಗ ಬೆಳ್ಳಗಾಗಿದೆ. ಕೆರೆದರೆ ಸಣ್ಣ ಗುಳಿ. ಬಿಟ್ಟ ದಿನವೇ ನೀರಿನಲ್ಲಿ ತೊಳೆದಿದ್ದರೆ ಇಷ್ಟೂ ಆಗುತ್ತಿರಲಿಲ್ಲವೇನೋ, ಆಳು ತೊಳೆಯದೆ ಇಟ್ಟಿದ್ದ. ಎರಡನೇ ಮದ್ದಿಗೆ ಮೊದಲು ಆ ಮೂಲೆಯನ್ನು ಇಳಿಜಾರು ಮಾಡಿ ನೀರು ನಿಲ್ಲದ ಹಾಗೆ ಕೊರೆಯುತ್ತೇನೆ.

ಪೆರ್ಲದ_ಕೃಷಿಕ (ಜೂನ್ 9, ಸಂಜೆ 7:45)

ಇಳಿಜಾರು ಮಾಡಿದ್ದು ನನಗೆ ಎರಡು. ತೊಳೆದು ಇಡುವ ಜವಾಬ್ದಾರಿ ನನ್ನದು.

ಉಪ್ಪಳ_ಬೋರ್ಡು (ಜೂನ್ 9, ರಾತ್ರಿ 8:02)

ತೂತಿನ ನಡುವಿನಿಂದ ಬಿದ್ದ ಬಿಲ್ಲೆಗಳು ಉಂಟಾ? ಕೀಚೈನಿಗೆ ಬೇಕಿತ್ತು.

ತೋಟದ_ಮೆಕ್ಯಾನಿಕ್ (ಜೂನ್ 9, ರಾತ್ರಿ 8:10)

26 ಮಿ.ಮೀ.ನದ್ದು ನಾಲ್ಕು ಇತ್ತು. ಮಗಳು ಅಂಗಡಿ ಆಟಕ್ಕೆ ದುಡ್ಡು ಮಾಡಿಕೊಂಡಿದ್ದಾಳೆ. ಕೇಳಿ ನೋಡುತ್ತೇನೆ, ಎಷ್ಟಕ್ಕೆ ಕೊಡುತ್ತಾಳೋ.